ಹಾಡುವವರ ಹಿಂದೆ ಮೀಟುವುದಕ್ಕೆ ತುಂಬಿದ ನಾದದ ಗಿಟಾರು

ಅಕೌಸ್ಟಿಕ್ ಗಿಟಾರನ್ನು ಬಿಡಿ ಸ್ವರಗಳನ್ನು ನುಡಿಸುವುದಕ್ಕಾಗಿ ಕೊಳ್ಳುವುದು ಬೇರೆ, ಆರೂ ತಂತಿಗಳನ್ನು ಒಟ್ಟಿಗೆ ಮೀಟುತ್ತ ಹಾಡುವವರಿಗೆ ಆಸರೆಯಾಗಿ ನಿಲ್ಲುವುದಕ್ಕಾಗಿ ಕೊಳ್ಳುವುದು ಬೇರೆ. ಅಂಗಡಿಯವರು ಈ ಎರಡನ್ನೂ ಬೇರ್ಪಡಿಸಿ ವಿಚಾರಿಸುವುದು ಕಡಿಮೆ. ಕೊಳ್ಳಲು ಹೋದವರೂ ಬಣ್ಣ, ಬ್ರ್ಯಾಂಡು, ಬಜೆಟ್ಟು ಈ ಮೂರನ್ನು ಹೇಳಿ ಸುಮ್ಮನಾಗುತ್ತಾರೆ. ದಾವಣಗೆರೆಯಲ್ಲಿ ನಾವು ಕೆಲವರು ವಾರದ ಕೊನೆಗೆ ಒಬ್ಬರ ಮನೆಯ ಮಹಡಿಯಲ್ಲಿ ಸೇರಿ ಭಾವಗೀತೆ, ವಚನ, ಒಮ್ಮೊಮ್ಮೆ ಹಳೆಯ ಚಿತ್ರಗೀತೆಗಳನ್ನು ಹಾಡುವ ರೂಢಿಯಿದೆ. ಅಲ್ಲಿ ಮೈಕಿಲ್ಲ, ಸ್ಪೀಕರಿಲ್ಲ. ಒಂದು ತಬಲ ಜೊತೆ, ಹಳೆಯ ಹಾರ್ಮೋನಿಯಂ ಒಂದು, ಏಳೆಂಟು ಕಂಠಗಳು. ಇವುಗಳ ನಡುವೆ ಕಳೆದುಹೋಗದೆ, ಆದರೆ ಯಾರ ಮೇಲೂ ಏರಿ ಹೋಗದೆ, ಕೋಣೆಯನ್ನು ತುಂಬುವ ಗಿಟಾರೊಂದನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದಕ್ಕಾಗಿ ಓದಿದ್ದು, ಕೇಳಿದ್ದು, ಅಂಗಡಿಗಳಲ್ಲಿ ಮೀಟಿ ನೋಡಿದ್ದು ಇವೆಲ್ಲವನ್ನೂ ಒಂದೆಡೆ ಬರೆದಿಟ್ಟರೆ ನಮ್ಮ ಭಾಗದಲ್ಲಿ ಇಂಥದೇ ಹುಡುಕಾಟದಲ್ಲಿರುವವರಿಗೆ ಉಪಯೋಗವಾದೀತು.

ತುಂಬಿದ ನಾದ ಎಂದ ಕೂಡಲೇ ಬಹುತೇಕರ ಕಿವಿ ಮಂದ್ರದ ಗುಂಗನ್ನು ಹುಡುಕುತ್ತದೆ. ಅತಿ ದಪ್ಪನೆಯದಾದ ಆರನೆಯ ತಂತಿಯನ್ನು ಒಮ್ಮೆ ಎಳೆದು ಬಿಟ್ಟು, ಅದು ಹೊಟ್ಟೆಯೊಳಗೆ ಗುಮ್ಮೆಂದರೆ ತೃಪ್ತಿಪಟ್ಟು ಹಣ ಎಣಿಸುವವರನ್ನು ನಾನು ನೋಡಿದ್ದೇನೆ. ಆದರೆ ಗಿಟಾರಿನ ಮಂದ್ರದ ಲೆಕ್ಕವೇ ಸ್ವಲ್ಪ ವಿಚಿತ್ರವಾದದ್ದು. ಅದರ ಅತಿ ಕೆಳಗಿನ ಸ್ವರದ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ದೊಡ್ಡ ಗಿಟಾರಿನ ಡಬ್ಬಿಯೊಳಗಿನ ಗಾಳಿ ತಾನಾಗಿ ಅನುರಣಿಸುವುದು 100 ಹರ್ಟ್ಸ್‌ನ ಆಸುಪಾಸಿನಲ್ಲಿ. ಅದಕ್ಕಿಂತ ಕೆಳಗಿನ ಕಂಪನವನ್ನು ಡಬ್ಬಿ ಹೊರಗೆ ದೂಡುವುದು ಕಷ್ಟ. ಆದ್ದರಿಂದ ಆ ತಂತಿಯ ಮೂಲ ಸ್ವರ ನಮ್ಮನ್ನು ಬಹಳ ಕ್ಷೀಣವಾಗಿಯೇ ತಲುಪುತ್ತದೆ. ಅದರ ಮೇಲಿನ ಅನುಸ್ವರಗಳಾದ 165, 247 ಮುಂತಾದವನ್ನು ಕೇಳಿ ಕಿವಿಯೇ ಮೂಲವನ್ನು ಊಹಿಸಿಕೊಳ್ಳುತ್ತದೆ. ನಾವು ಬಾಸ್ ಎಂದು ಮೆಚ್ಚಿಕೊಳ್ಳುವುದು ಬಹುಮಟ್ಟಿಗೆ 100ರಿಂದ 250 ಹರ್ಟ್ಸ್‌ಗಳ ನಡುವಿನ ಸದ್ದನ್ನು. ಗಂಡಸರು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟು, ಹಾಡಲು ಕುಳಿತರೆ ಅವರ ಷಡ್ಜ ಇರುವುದು 139 ಹರ್ಟ್ಸ್‌ನಲ್ಲಿ, ಅಂದರೆ ಇದೇ ಪಟ್ಟಿಯ ಒಳಗೆ. ತಬಲ ಜೊತೆಯ ದೊಡ್ಡ ವಾದ್ಯವಾದ ಡಗ್ಗಾದ ಗುಂಗಿನ ಬಹುಪಾಲೂ ಇಲ್ಲಿಯೇ ಬಂದು ಕೂರುತ್ತದೆ. ಈ ಜಾಗದಲ್ಲಿ ಗಿಟಾರು ಅಗತ್ಯಕ್ಕಿಂತ ಹೆಚ್ಚು ಉಬ್ಬಿದ್ದರೆ ಒಬ್ಬರೇ ಕುಳಿತು ನುಡಿಸುವಾಗ ಶ್ರೀಮಂತವಾಗಿ ಕೇಳಿಸುತ್ತದೆ, ನಾಲ್ವರು ಹಾಡತೊಡಗಿದೊಡನೆ ಎಲ್ಲವೂ ಒಂದಕ್ಕೊಂದು ಮೆತ್ತಿಕೊಂಡು ಸಾಹಿತ್ಯವೇ ತಿಳಿಯದಂತಾಗುತ್ತದೆ.

ಹಾಗಾಗಿ ಸ್ಟ್ರಮ್ಮಿಂಗಿಗೆ, ಅಂದರೆ ತಂತಿಗಳನ್ನು ಒಟ್ಟಿಗೆ ಮೀಟುವುದಕ್ಕೆ, ಬೇಕಾದ ತುಂಬುತನವನ್ನು ನಾನು ಅಳೆಯುವುದು ಆರು ತಂತಿಗಳ ಸಮತೋಲದಿಂದ. ಒಂದು ಜಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿದಾಗ, ಮಂದ್ರದ ತಂತಿ ತಳವನ್ನು ಕೊಟ್ಟು ಬೇಗ ಪಕ್ಕಕ್ಕೆ ಸರಿಯಬೇಕು, ನಡುವಿನ ಎರಡು ತಂತಿಗಳು ಮಂಕಾಗದೆ ನಿಲ್ಲಬೇಕು, ತಾರದ ಎರಡು ತಂತಿಗಳು ಕಿವಿಗೆ ಚುಚ್ಚದೆ ಮಿನುಗಬೇಕು. ಅಗ್ಗದ ಗಿಟಾರುಗಳಲ್ಲಿ ಮೊದಲು ಸೋಲುವುದು ನಡುವಿನ ತಂತಿಗಳು. ಡಿ ಮತ್ತು ಜಿ ತಂತಿಗಳು ಸತ್ತಂತಿದ್ದರೆ ಮೇಲೆ ತಗಡಿನ ಸದ್ದು, ಕೆಳಗೆ ಗುಂಗು, ನಡುವೆ ಖಾಲಿ. ಹಾಡುವವರಿಗೆ ಶ್ರುತಿಯ ಆಧಾರ ಸಿಗುವುದು ಆ ನಡುವಿನ ಜಾಗದಿಂದಲೇ ಆದ್ದರಿಂದ ಇದು ಸಣ್ಣ ಕೊರತೆಯಲ್ಲ.

ಆಕಾರದ ವಿಷಯಕ್ಕೆ ಬಂದರೆ, ಡ್ರೆಡ್‌ನಾಟ್ ಎಂಬ ಅಗಲ ಭುಜದ, ಸೊಂಟ ಅಷ್ಟಾಗಿ ಒಳಸರಿಯದ ಗಿಟಾರು ಹುಟ್ಟಿದ್ದೇ ದೊಡ್ಡ ಸದ್ದಿನ ಹಂಬಲದಿಂದ. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ವಾದ್ಯ ಮಾರಾಟಗಾರರಿಗಾಗಿ ಇದನ್ನು ಮೊದಲು ಮಾಡಿಕೊಟ್ಟಿತು; ಆ ಕಾಲದ ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರನ್ನೇ ಅದಕ್ಕೆ ಇಟ್ಟರು. 1931ರಲ್ಲಿ ಮಾರ್ಟಿನ್ ತನ್ನದೇ ಹೆಸರಿನಲ್ಲಿ ಮಾರತೊಡಗಿತು, 1934ರ ಹೊತ್ತಿಗೆ ಡಬ್ಬಿಯ ಹೊರಗೆ ಹದಿನಾಲ್ಕು ಫ್ರೆಟ್‌ಗಳಿರುವ (ಕುತ್ತಿಗೆಯ ಮೇಲಿನ ಅಡ್ಡ ಲೋಹಪಟ್ಟಿಗಳೇ ಫ್ರೆಟ್) ಈಗಿನ ರೂಪ ನೆಲೆಗೊಂಡಿತು. ಇಂದು ನಮ್ಮ ಊರಿನ ಅಂಗಡಿಗಳಲ್ಲಿ ತೂಗುಬಿದ್ದಿರುವ ಗಿಟಾರುಗಳಲ್ಲಿ ಬಹುಪಾಲು ಇದರ ಸಂತತಿಯೇ. ಇದಕ್ಕಿಂತ ದೊಡ್ಡದು ಜಂಬೊ. ಗಿಬ್ಸನ್ ಕಂಪನಿ 1930ರ ದಶಕದ ಕೊನೆಯಲ್ಲಿ ತಂದ ಅದರ ಪ್ರಸಿದ್ಧ ಮಾದರಿ ಕೆಳಹೊಟ್ಟೆಯಲ್ಲಿ 17 ಇಂಚು ಅಗಲವಿದೆ, ಡ್ರೆಡ್‌ನಾಟ್ ಹದಿನೈದೂವರೆ ಇಂಚಿಗಿಂತ ತುಸು ಹೆಚ್ಚು. ದೊಡ್ಡದಾದ ಮಾತ್ರಕ್ಕೆ ಜಂಬೊದಲ್ಲಿ ಬಾಸ್ ಹೆಚ್ಚೆಂದು ತಿಳಿಯುವಂತಿಲ್ಲ. ಅದರ ಸೊಂಟ ಬಿಗಿಯಾಗಿರುವುದರಿಂದ, ಹಲವು ಮಾದರಿಗಳ ಬೆನ್ನಿಗೆ ಮೇಪಲ್ ಮರ ಬಳಸುವುದರಿಂದ, ಸದ್ದು ಜೋರಾಗಿದ್ದೂ ಚುರುಕಾಗಿ ಬಂದು ಬೇಗ ಅಡಗುತ್ತದೆ. ಲಯವನ್ನು ಎದ್ದು ಕಾಣಿಸುವ ಹಾಡುಗಳಿಗೆ ಅದು ಬಲು ಚೆಂದ. ಆದರೆ ನಮ್ಮ ಕಡೆ ಕೈಗೆಟಕುವ ಬೆಲೆಯಲ್ಲಿ ಒಳ್ಳೆಯ ಜಂಬೊ ಸಿಗುವುದು ಅಪರೂಪ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಅದನ್ನು ಅಪ್ಪಿಕೊಳ್ಳುವುದು ಇನ್ನೂ ಕಷ್ಟ. ಭಜನೆಯ ಜಮಖಾನೆಯ ಮೇಲೆ ಕೂರುವ ಗಿಟಾರ್ ವಾದಕರ ಬಗ್ಗೆ ಯಾವ ಕಂಪನಿಯೂ ಯೋಚಿಸಿದಂತಿಲ್ಲ.

ಹನ್ನೆರಡು ತಂತಿಯ ಗಿಟಾರನ್ನು ಕೆಲವರು ಸೂಚಿಸಿದ್ದರು. ಕೆಳಗಿನ ನಾಲ್ಕು ತಂತಿಗಳಿಗೆ ಒಂದು ಸಪ್ತಕ ಮೇಲಿನ ಜೊತೆ, ಮೇಲಿನ ಎರಡಕ್ಕೆ ಅದೇ ಸ್ವರದ ಜೊತೆ ಇರುವುದರಿಂದ ನಾದವೇನೋ ತುಂಬಿ ತುಳುಕುತ್ತದೆ. ಪ್ರತಿ ಹಾಡಿಗೂ ಶ್ರುತಿ ಬದಲಾಗುವ ಕೂಟದಲ್ಲಿ ಹನ್ನೆರಡು ತಂತಿಗಳನ್ನು ಸರಿಪಡಿಸುತ್ತ ಕೂತರೆ ಹಾಡುವವರು ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅದನ್ನು ಅಲ್ಲಿಗೇ ಬಿಟ್ಟೆ.

ಆಕಾರಕ್ಕಿಂತ ಮುಖ್ಯವಾದದ್ದು ಮುಂದಿನ ಹಲಗೆ, ಅಂದರೆ ಟಾಪ್. ತಂತಿ ತಾನಾಗಿ ಗಾಳಿಯನ್ನು ಅಲುಗಿಸಲಾರದಷ್ಟು ತೆಳುವಾದದ್ದು. ಅದರ ಕಂಪನ ತಂತಿಗಳನ್ನು ಹಿಡಿದಿರುವ ಬ್ರಿಡ್ಜ್ ಮೂಲಕ ಹಲಗೆಗೆ ಇಳಿದು, ಹಲಗೆ ಉಸಿರಾಡಿದಾಗ ಮಾತ್ರ ಕೋಣೆಗೆ ನಾದ ಮುಟ್ಟುತ್ತದೆ. ಈ ಹಲಗೆ ಒಂದೇ ಮರದ ಸೀಳಿನಿಂದ ಮಾಡಿದ್ದಾಗಿದ್ದರೆ ಸಾಲಿಡ್ ಟಾಪ್, ತೆಳು ಪದರಗಳನ್ನು ಅಡ್ಡಡ್ಡ ಅಂಟಿಸಿದ್ದಾಗಿದ್ದರೆ ಲ್ಯಾಮಿನೇಟ್. ಅಡ್ಡ ಪದರಗಳಿರುವ ಹಲಗೆ ಗಟ್ಟಿ, ಬಿಸಿಲು ಮಳೆಗೆ ಜಗ್ಗುವುದಿಲ್ಲ, ಆದರೆ ಅಷ್ಟೇ ಬಿಗುಮಾನದಿಂದ ಅಲುಗಾಡುತ್ತದೆ. ಮೆಲ್ಲಗೆ ಮೀಟಿದಾಗ ಎರಡಕ್ಕೂ ಅಂಥ ವ್ಯತ್ಯಾಸ ಕೇಳಿಸದಿರಬಹುದು. ಕೈಯ ಬಲ ಏರಿಸುತ್ತ ಹೋದಂತೆ ಸಾಲಿಡ್ ಸ್ಪ್ರೂಸ್ ಹಲಗೆ ನಾದವನ್ನು ಹಿಗ್ಗಿಸುತ್ತ ಹೋಗುತ್ತದೆ, ಲ್ಯಾಮಿನೇಟ್ ಒಂದು ಹಂತಕ್ಕೆ ಬಂದು ನಿಂತು ಬರಿಯ ತಂತಿಯ ಕಿರಿಕಿರಿಯನ್ನಷ್ಟೇ ಹೆಚ್ಚಿಸುತ್ತದೆ. ಸ್ಟ್ರಮ್ಮಿಂಗ್ ಮಾಡುವವರಿಗೆ ಈ ಹಿಗ್ಗುವ ಗುಣವೇ ಪ್ರಾಣ. ಸೀಡರ್ ಮರದ ಟಾಪ್ ಬೆರಳಿನಲ್ಲಿ ನುಡಿಸುವವರಿಗೆ ಬೆಚ್ಚಗಿನ ನಾದ ಕೊಡುತ್ತದೆ, ಜೋರಾಗಿ ಮೀಟಿದರೆ ಸ್ಪ್ರೂಸ್‌ಗಿಂತ ಬೇಗ ಬಸವಳಿಯುತ್ತದೆ. ಅಲಾಸ್ಕಾ, ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ ಬೆಳೆಯುವ ಸಿಟ್ಕಾ ಸ್ಪ್ರೂಸ್ ಈ ಕೆಲಸಕ್ಕೆ ಲೋಕದ ತುಂಬ ರೂಢಿಯಾಗಿರುವುದು ಸುಮ್ಮನೆ ಅಲ್ಲ. ತೂಕ ಕಡಿಮೆಯಿದ್ದೂ ನಾರಿನ ಉದ್ದಕ್ಕೆ ಬಹಳ ಗಡುಸಾದ ಮರವದು.

ಹಲಗೆಯ ಒಳಗಡೆ ಅಂಟಿಸಿರುವ ಪಟ್ಟಿಗಳೂ ನಾದವನ್ನು ನಿರ್ಧರಿಸುತ್ತವೆ. ಒಂದರ ಮೇಲೊಂದು ಹಾಯ್ದ ಎಕ್ಸ್ ಆಕಾರದ ಈ ಜೋಡಣೆಯನ್ನು 1840ರ ದಶಕದಲ್ಲಿಯೇ ಮಾರ್ಟಿನ್ ಗಿಟಾರುಗಳಲ್ಲಿ ಕಾಣಬಹುದು. ಉಕ್ಕಿನ ತಂತಿಗಳು ಬಂದಮೇಲೆ ಅದೇ ಎಲ್ಲರ ಪಾಲಿಗೆ ಆಧಾರವಾಯಿತು. ಹೊಸ ತಂತಿಗಳ ಸಾಮಾನ್ಯ ಸೆಟ್ ಒಂದು ಹಲಗೆಯನ್ನು 70 ಕಿಲೋಗ್ರಾಂಗಿಂತ ಹೆಚ್ಚಿನ ಬಲದಿಂದ ಎಳೆಯುತ್ತದೆ. ಅದನ್ನು ತಡೆಯುವಷ್ಟು ಗಟ್ಟಿ, ಕಂಪಿಸುವಷ್ಟು ಹಗುರ ಇವೆರಡರ ನಡುವಿನ ಹದ ತಯಾರಕನ ಕೈಯಲ್ಲಿದೆ. ಪಟ್ಟಿಗಳನ್ನು ಅಲ್ಲಲ್ಲಿ ಕಮಾನಿನಂತೆ ಕೆತ್ತಿ ತೆಳುಮಾಡಿದರೆ ಅದನ್ನು ಸ್ಕ್ಯಾಲಪ್ಡ್ ಬ್ರೇಸಿಂಗ್ ಎನ್ನುತ್ತಾರೆ. ಮಾರ್ಟಿನ್ ಕಂಪನಿ 1944ರಲ್ಲಿ ಇದನ್ನು ಕೈಬಿಟ್ಟು, ಹಳೆಯ ಗಿಟಾರುಗಳ ನಾದಕ್ಕಾಗಿ ಜನ ಹಂಬಲಿಸತೊಡಗಿದ ಮೇಲೆ 1976ರಲ್ಲಿ ಎಚ್‌ಡಿ-28 ಮಾದರಿಯೊಂದಿಗೆ ಮತ್ತೆ ತಂದಿತು. ಈಗ ಇದು ಯಮಾಹಾದ ಎಫ್‌ಜಿ 800ರಂಥ ಮಧ್ಯಮ ಬೆಲೆಯ ಗಿಟಾರಿನಲ್ಲೂ ಸಿಗುತ್ತದೆ. ಫೋನಿನ ಟಾರ್ಚ್ ಹಿಡಿದು, ಒಂದು ಸಣ್ಣ ಕನ್ನಡಿಯನ್ನು ಹಲಗೆಯ ನಡುವಿನ ರಂಧ್ರದೊಳಗೆ ಓರೆಯಾಗಿಟ್ಟರೆ ಪಟ್ಟಿಗಳು ಕಾಣುತ್ತವೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಅದೇ ಹೊತ್ತಿಗೆ ರಂಧ್ರದ ಅಂಚಿನಲ್ಲಿ ಮರದ ಗೆರೆಗಳು ಮೇಲಿನಿಂದ ಒಳಕ್ಕೆ ನೇರವಾಗಿ ಇಳಿದಿವೆಯೋ, ಮಧ್ಯದಲ್ಲಿ ಬೇರೊಂದು ಪದರ ಕಾಣುತ್ತದೆಯೋ ಎಂದು ನೋಡಿದರೆ ಸಾಲಿಡ್ ಎಂಬ ಮಾತಿನ ಸತ್ಯಾಸತ್ಯವೂ ಗೊತ್ತಾಗುತ್ತದೆ.

ಇನ್ನು ಬೆನ್ನಿನ ಮರದ ಮಾತು. ನಮ್ಮ ನೆರೆಯ ಮಲೆನಾಡಿನ ಬೀಟೆಯೇ ಹೊರದೇಶದವರ ಬಾಯಲ್ಲಿ ಇಂಡಿಯನ್ ರೋಸ್‌ವುಡ್. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಹೆಸರಾಂತ ಡಿ-28 ಮಾದರಿಗೆ ಭಾರತದ ಬೀಟೆಯನ್ನು ಬಳಸತೊಡಗಿತು. ಅಜ್ಜನ ಕಾಲದ ಮಂಚ, ಬಾಗಿಲುಗಳಲ್ಲಿ ಕಪ್ಪು ಕೆಂಪು ಗೆರೆಗಳ ಆ ಮರವನ್ನು ನೋಡಿ ಬೆಳೆದ ನಮಗೆ ಗಿಟಾರಿನ ಬೆನ್ನಿನಲ್ಲಿ ಅದು ಕಂಡರೆ ಅಭಿಮಾನ ಉಕ್ಕುವುದು ಸಹಜ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದಾಗ ಗಿಟಾರ್ ತಯಾರಕರು ಬೇರೆ ಮರಗಳತ್ತ ಹೊರಳಿದರು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಆದರೆ ನಾದದಲ್ಲಿ ಬೀಟೆಗೆ ಎಷ್ಟು ಪಾಲಿದೆ? 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಬೆನ್ನು ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಆದಷ್ಟು ಒಂದೇ ತೆರನಾದ ಆರು ಗಿಟಾರುಗಳನ್ನು ಮಾಡಿಸಿ, ಮಬ್ಬು ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ತೊಡಿಸಿ, 52 ಮಂದಿ ಗಿಟಾರ್ ವಾದಕರ ಕೈಗೆ ಕೊಟ್ಟರು. ಬ್ರೆಜಿಲ್ ರೋಸ್‌ವುಡ್, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್ನಟ್ ಎಲ್ಲಕ್ಕೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು.

ಇದನ್ನು ಓದಿದ ಮೇಲೆ ನಾನು ಬೆನ್ನಿನ ಮರಕ್ಕಾಗಿ ಹೆಚ್ಚಿನ ಹಣ ಕೊಡುವ ಯೋಚನೆಯನ್ನು ಬಿಟ್ಟೆ. ಒಂದೇ ಮಾದರಿಯಲ್ಲಿ ಬೀಟೆಯ ಬೆನ್ನಿನದು ನಾಲ್ಕೈದು ಸಾವಿರ ಹೆಚ್ಚಿದ್ದರೆ, ಆ ಹಣ ಒಳ್ಳೆಯ ಪೆಟ್ಟಿಗೆ, ಎರಡು ಸೆಟ್ ತಂತಿ, ಸೆಟಪ್ (ತಂತಿಯ ಎತ್ತರ ಮುಂತಾದವನ್ನು ಹದಗೊಳಿಸುವುದು) ಮಾಡಿಸುವ ಖರ್ಚು ಇಷ್ಟನ್ನೂ ಭರಿಸುತ್ತದೆ. ಮಹಾಗನಿ ಅಥವಾ ಅದರಂಥ ನಾಟೊ ಮರದ ಬೆನ್ನಿರುವ ಗಿಟಾರಿನಲ್ಲಿ ಮೂಲ ಸ್ವರ ಸ್ಪಷ್ಟ, ಅನುಸ್ವರಗಳ ಮಂಜು ಕಡಿಮೆ ಎಂದು ಅನುಭವಿಗಳು ಹೇಳುವುದುಂಟು. ಅದು ಮರದಿಂದಲೋ, ಆಯಾ ಕಂಪನಿ ಆ ಮಾದರಿಯನ್ನು ಕಟ್ಟುವ ರೀತಿಯಿಂದಲೋ, ಅಂಗಡಿಯಲ್ಲಿ ನಿಂತು ತೀರ್ಮಾನಿಸಲು ಹೋಗದಿರುವುದೇ ಲೇಸು. ಕೈಯಲ್ಲಿರುವ ಗಿಟಾರು ಹೇಗಿದೆ ಎಂಬುದಷ್ಟೇ ಅಲ್ಲಿಯ ಪ್ರಶ್ನೆ.

ದಾವಣಗೆರೆಯ ವಾದ್ಯದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲ, ಡೋಲಕ್‌ಗಳಿಗೆ ಮೊದಲ ಸಾಲು. ಗಿಟಾರುಗಳು ಗೋಡೆಯ ಮೇಲೆ, ಹೆಚ್ಚಾಗಿ ಕಲಿಯುವ ಮಕ್ಕಳಿಗೆಂದು ತರಿಸಿದ ಲ್ಯಾಮಿನೇಟ್‌ಗಳು. ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಯಮಾಹಾ ಎಫ್ 310 ಎಲ್ಲೆಡೆ ಕಾಣಸಿಗುತ್ತದೆ, ಅದು ನಂಬಿಕೆಯ ಗಿಟಾರು. ಆದರೆ ಅದರ ಟಾಪ್ ಲ್ಯಾಮಿನೇಟ್, ತಂತಿಯ ಕಂಪಿಸುವ ಭಾಗದ ಉದ್ದ 634 ಮಿಲಿಮೀಟರ್. ಎಫ್‌ಜಿ 800ರಲ್ಲಿ ಟಾಪ್ ಸಾಲಿಡ್ ಸ್ಪ್ರೂಸ್, ತಂತಿಯ ಉದ್ದ 650. ಈ ಹದಿನಾರು ಮಿಲಿಮೀಟರ್ ಉದ್ದದಿಂದ ಅದೇ ಸ್ವರಕ್ಕೆ ತಂತಿ ಇನ್ನಷ್ಟು ಬಿಗಿಯಬೇಕಾಗುತ್ತದೆ, ಹಲಗೆಗೆ ಇನ್ನಷ್ಟು ಬಲ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಮೀಟಿದವರಿಗೆ ಮತ್ತೆ ವಿವರಣೆ ಬೇಕಿಲ್ಲ. ಫೆಂಡರ್‌ನ ಸಿಡಿ-60ಎಸ್, ಕಾರ್ಟ್ ಕಂಪನಿಯ ಸಾಲಿಡ್ ಟಾಪ್ ಡ್ರೆಡ್‌ನಾಟ್‌ಗಳೂ ಇದೇ ಸಾಲಿನವು. ಇವನ್ನೆಲ್ಲ ಒಂದೇ ಸೂರಿನಡಿ ಹೋಲಿಸಿ ನೋಡಬೇಕೆಂದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದು ಅನಿವಾರ್ಯ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋಗುವವರು ಅರ್ಧ ದಿನ ಇದಕ್ಕೆ ಮೀಸಲಿಟ್ಟರೆ ಆನ್‌ಲೈನ್‌ನಲ್ಲಿ ಕಣ್ಣುಮುಚ್ಚಿ ತರಿಸುವುದಕ್ಕಿಂತ ಮೇಲು. ಒಂದೇ ಮಾದರಿಯ ಎರಡು ಗಿಟಾರುಗಳೂ ಒಂದೇ ರೀತಿ ನುಡಿಯುವುದಿಲ್ಲ.

ಅಂಗಡಿಯಲ್ಲಿ ಮೀಟಿ ನೋಡುವ ಕ್ರಮಕ್ಕೂ ಒಂದು ಶಿಸ್ತು ಬೇಕು. ಮೊದಲು ಶ್ರುತಿ ಸರಿಮಾಡಿಕೊಳ್ಳಬೇಕು, ಶ್ರುತಿ ತಪ್ಪಿದ ದುಬಾರಿ ಗಿಟಾರು ಶ್ರುತಿಗೂಡಿದ ಅಗ್ಗದ ಗಿಟಾರಿನ ಮುಂದೆ ಸೋಲುತ್ತದೆ. ತಂತಿಗಳು ಎಷ್ಟು ಕಾಲದಿಂದ ಗೋಡೆಯ ಮೇಲೆ ತುಕ್ಕು ಹಿಡಿಯುತ್ತಿವೆ ಎಂಬುದನ್ನು ಬೆರಳಿಂದ ಸವರಿ ತಿಳಿಯಬಹುದು. ಹಳೆಯ ತಂತಿಯಲ್ಲಿ ಮಂಕಾಗಿ ಕೇಳಿಸಿದ್ದನ್ನು ಗಿಟಾರಿನ ದೋಷವೆಂದು ತಳ್ಳಿಹಾಕಬಾರದು. ಆಮೇಲೆ ಇ ಕಾರ್ಡ್ ಹಿಡಿದು ಆರೂ ತಂತಿಗಳನ್ನು ಬಹಳ ಮೆಲ್ಲಗೆ, ಅನಂತರ ಸಾಧಾರಣ ಬಲದಲ್ಲಿ, ಕೊನೆಗೆ ಕೈಲಾದಷ್ಟು ಜೋರಾಗಿ ಮೀಟಿ, ನಾದ ಎಲ್ಲಿ ಹಿಗ್ಗುವುದನ್ನು ನಿಲ್ಲಿಸಿ ಒಡೆಯತೊಡಗುತ್ತದೆ ಎಂದು ಕಿವಿಗೊಡಬೇಕು. ಜೋರಾಗಿ ಮೀಟುವುದಕ್ಕೆ ಅಂಗಡಿಯಲ್ಲಿ ಸಂಕೋಚವಾಗುತ್ತದೆ, ನಿಜ. ಆದರೆ ಏಳೆಂಟು ಜನ ಒಟ್ಟಿಗೆ ಪಲ್ಲವಿ ಹಿಡಿದಾಗ ನಮ್ಮ ಕೈ ಹೋಗುವುದು ಆ ಬಲಕ್ಕೇ. ಕೊನೆಯದಾಗಿ, ಜೊತೆಗೆ ಬಂದವರ ಕೈಗೆ ಗಿಟಾರು ಕೊಟ್ಟು ಎಂಟು ಹತ್ತು ಅಡಿ ದೂರದಲ್ಲಿ ಎದುರಿಗೆ ನಿಂತು ಕೇಳಬೇಕು. ಗಿಟಾರಿನ ಬಾಯಿ ಇರುವುದು ಕೇಳುವವರ ಕಡೆಗೆ. ಮಡಿಲಲ್ಲಿಟ್ಟುಕೊಂಡವರಿಗೆ ಕೇಳಿಸುವುದು ಅದರ ಪಕ್ಕೆ ಮತ್ತು ಬೆನ್ನು. ಮಡಿಲಲ್ಲಿ ಭಾರಿ ಎನ್ನಿಸಿದ ಒಂದು ಗಿಟಾರು ದೂರದಿಂದ ಬರಿಯ ಗುಂಗಾಗಿ ಕೇಳಿದ್ದೂ, ಕೈಯಲ್ಲಿ ತುಸು ಒಣ ಎನಿಸಿದ್ದು ದೂರದಲ್ಲಿ ತುಂಬಿಕೊಂಡದ್ದೂ ನನ್ನ ಆಯ್ಕೆಯನ್ನು ತಿರುಗಿಸಿತು. ನಾನು ತಂದದ್ದು ಎರಡನೆಯದನ್ನು, ಸಾಲಿಡ್ ಸ್ಪ್ರೂಸ್ ಟಾಪ್, ನಾಟೊ ಬೆನ್ನು, ಅಲಂಕಾರ ಕಡಿಮೆ. ಡಬ್ಬಿಯ ಒಂದು ಭುಜವನ್ನು ಕತ್ತರಿಸಿದ ಕಟ್‌ಅವೇ ಮಾದರಿ ಸ್ಟ್ರಮ್ಮಿಂಗಿಗೆ ಬೇಕೇ ಎಂದು ಕೇಳುವವರಿಗೆ ಉತ್ತರ ಚಿಕ್ಕದು, ಬೇಡ.

ಸೆಟಪ್ ಇಲ್ಲದೆ ಗಿಟಾರಿನ ಮಾತು ಮುಗಿಯದು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಆರನೆಯ ತಂತಿ ಸುಮಾರು ಎರಡೂವರೆ ಮಿಲಿಮೀಟರ್, ಒಂದನೆಯ ತಂತಿ ಎರಡು ಮಿಲಿಮೀಟರ್ ಎತ್ತರದಲ್ಲಿದ್ದರೆ ಜೋರಾಗಿ ಮೀಟಿದರೂ ಫ್ರೆಟ್ಟಿಗೆ ಬಡಿದು ಝಣಗುಟ್ಟುವುದಿಲ್ಲ, ಎಡಗೈಯೂ ನೋಯುವುದಿಲ್ಲ. ಬೆರಳ ವಾದ್ಯಕಾರರು ಇಷ್ಟಪಡುವ ತೀರ ತಗ್ಗಿನ ಆಕ್ಷನ್ (ತಂತಿಯ ಎತ್ತರ) ನಮಗೆ ಹೊಂದದು. ತಂತಿಗಳಲ್ಲಿ 12ರಿಂದ 53ರವರೆಗಿನ ಲೈಟ್ ಗೇಜ್ ಸಾಕು (ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುವ ಲೆಕ್ಕವಿದು). 11ರ ಸೆಟ್ ಬೆರಳಿಗೆ ಹಿತವಾದರೂ ಹಲಗೆಯನ್ನು ಪೂರ್ತಿ ಎಬ್ಬಿಸುವುದಿಲ್ಲ, 13ರದು ಸಾಧಾರಣ ಗಿಟಾರಿನ ಹೊಟ್ಟೆಯನ್ನೇ ಉಬ್ಬಿಸೀತು. ಡಿ'ಅಡಾರಿಯೊ ಕಂಪನಿ 1974ರಲ್ಲಿ ತಂದ ಫಾಸ್ಫರ್ ಬ್ರಾಂಜ್ ತಂತಿಗಳ ನಾದ ತುಸು ಬೆಚ್ಚಗೆ, ಹಳೆಯ 80/20 ಬ್ರಾಂಜ್‌ನದು ಹೊಳಪಾಗಿ ಆರಂಭವಾಗಿ ಬೇಗ ಮಂಕಾಗುತ್ತದೆ. ತಂತಿ ಮೀಟುವ ಬಿಲ್ಲೆಯಾದ ಪಿಕ್ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ: ಅರ್ಧ ಮಿಲಿಮೀಟರಿನ ತೆಳು ಪಿಕ್‌ನಲ್ಲಿ ಕೇಳಿಸುವುದರಲ್ಲಿ ಪ್ಲಾಸ್ಟಿಕ್ಕಿನ ಚರಚರವೇ ಹೆಚ್ಚು. 0.73 ಮಿಲಿಮೀಟರಿನದನ್ನು ಸಡಿಲವಾಗಿ ಹಿಡಿದು ಮಣಿಕಟ್ಟಿನಿಂದ ಮೀಟಿದರೆ ಅದೇ ಗಿಟಾರು ಒಂದು ದರ್ಜೆ ಮೇಲೇರಿದಂತೆ ಕೇಳಿಸುತ್ತದೆ, ಅದಕ್ಕೆ ತಗಲುವುದು ಒಂದು ದೋಸೆಯ ಬೆಲೆಗಿಂತ ಕಡಿಮೆ.

ನಮ್ಮ ಹಾಡುಗಳ ಶ್ರುತಿಗೆ ಬಂದಾಗ ಗಿಟಾರಿನ ತುಂಬುತನ ಕ್ಯಾಪೊ (ಕುತ್ತಿಗೆಗೆ ಹಾಕಿ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪು) ಎಲ್ಲಿ ಕೂರುತ್ತದೆ ಎಂಬುದನ್ನು ಅವಲಂಬಿಸುತ್ತದೆ. ಹಾಡುವವರು ಹೇಳುವುದು ಕಪ್ಪು ಒಂದು, ಕಪ್ಪು ಎರಡು ಎಂದು. ಗಿಟಾರಿನವರು ಅದನ್ನು ಸಿ ಶಾರ್ಪ್, ಡಿ ಶಾರ್ಪ್ ಎಂದು ತಿರುಗಿಸಿಕೊಳ್ಳಬೇಕು. ಕ್ಯಾಪೊ ಮೇಲೇರಿದಷ್ಟೂ ತಂತಿ ಗಿಡ್ಡವಾಗಿ ನಾದ ಮ್ಯಾಂಡೊಲಿನ್ ಕಡೆಗೆ ವಾಲುತ್ತದೆ. ಆದ್ದರಿಂದ ಕಪ್ಪು ಒಂದಕ್ಕೆ ನಾಲ್ಕನೆಯ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ ಎ ಕಾರ್ಡಿನ ಆಕಾರ ಹಿಡಿಯುವುದಕ್ಕಿಂತ ಒಂದನೆಯ ಫ್ರೆಟ್‌ನಲ್ಲಿ ಸಿ ಆಕಾರ ಹಿಡಿಯುವುದು ಎಷ್ಟೋ ಮೇಲು. ಕಪ್ಪು ಎರಡಕ್ಕೆ ನಾನು ಮಾಡುವುದು ಬೇರೆ: ಆರನೆಯ ತಂತಿಯನ್ನು ಒಂದು ಪೂರ್ಣ ಸ್ವರ ಕೆಳಗಿಳಿಸಿ ಡಿ ಮಾಡಿ, ಒಂದನೆಯ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ ಡಿ ಆಕಾರ ಹಿಡಿದರೆ ಷಡ್ಜ ಮಂದ್ರದಲ್ಲೂ ಅದರ ಮೇಲಿನ ಸಪ್ತಕದಲ್ಲೂ ನಿಂತು, ತಂಬೂರಿಯ ಆಸರೆಯೇ ಸಿಕ್ಕಂತಾಗುತ್ತದೆ. ಹೆಂಗಸರು ಕಪ್ಪು ನಾಲ್ಕರಲ್ಲಿ ಹಾಡಿದರೆ ಗಿಟಾರಿನ ಅದೃಷ್ಟ; ಒಂದನೆಯ ಫ್ರೆಟ್‌ನಲ್ಲಿ ಜಿ ಆಕಾರ, ಆರೂ ತಂತಿ ತೆರೆದುಕೊಳ್ಳುತ್ತವೆ.

ಆ ಜಿ ಕಾರ್ಡಿನಲ್ಲಿಯೂ ಒಂದು ಸೂಕ್ಷ್ಮವಿದೆ. ಪುಸ್ತಕದಲ್ಲಿ ಹೇಳಿಕೊಡುವಂತೆ ಐದನೆಯ ತಂತಿಯ ಎರಡನೆಯ ಫ್ರೆಟ್ ಒತ್ತಿದರೆ ಅಲ್ಲಿ ಗಾಂಧಾರ ಮಂದ್ರದಲ್ಲಿ ನುಡಿದು, ಪಕ್ಕದ ಷಡ್ಜದೊಂದಿಗೆ ಸೇರಿ ನಾದ ಕಲಕಿದಂತಾಗುತ್ತದೆ. ಆರನೆಯ ತಂತಿ ಒತ್ತಿದ ಬೆರಳಿನ ತುದಿಯಿಂದಲೇ ಐದನೆಯದನ್ನು ಮುಟ್ಟಿ ಮೌನವಾಗಿಸಿ, ಎರಡನೆಯ ಮತ್ತು ಒಂದನೆಯ ತಂತಿಗಳನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿದರೆ ಉಳಿಯುವುದು ಷಡ್ಜ ಪಂಚಮಗಳು ಮಾತ್ರ. ಒಂದು ತಂತಿ ಕಡಿಮೆಯಾಗಿಯೂ ಗಿಟಾರು ಮೊದಲಿಗಿಂತ ದೊಡ್ಡದಾಗಿ ಕೇಳಿಸುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಹಾಡುವವರು ಗಾಂಧಾರವನ್ನು ಜಾರಿಸಿ, ಅಲುಗಿಸಿ ಬಳಸುವ ನಮ್ಮ ಭಾವಗೀತೆಗಳಿಗೆ ಈ ಖಾಲಿ ಜಾಗ ಹೇಳಿ ಮಾಡಿಸಿದಂತಿದೆ. ಪಾಶ್ಚಾತ್ಯ ಕಾರ್ಡಿನ ಗಟ್ಟಿ ಗಾಂಧಾರ ಅವರ ಗಂಟಲಿಗೆ ಅಡ್ಡ ಬರುವುದಿಲ್ಲ. ಕೆಹರ್ವಾ ತಾಳದ ಎಂಟು ಮಾತ್ರೆಗಳಲ್ಲಿ ಮೊದಲನೆಯದಕ್ಕೆ ಕೆಳಗಿನ ಮೂರು ತಂತಿಗಳನ್ನಷ್ಟೇ ಸವರಿ, ಉಳಿದ ಏಟುಗಳನ್ನು ಮೇಲಿನ ತಂತಿಗಳಿಗೆ ಬಿಟ್ಟುಕೊಟ್ಟರೆ ಡಗ್ಗಾಕ್ಕೂ ಉಸಿರಾಡಲು ಎಡೆಯಿರುತ್ತದೆ. ಎಲ್ಲ ಏಟಿಗೂ ಎಲ್ಲ ತಂತಿಗಳನ್ನು ಬಡಿಯುವುದು ಸ್ಟ್ರಮ್ಮಿಂಗ್ ಅಲ್ಲ, ದಣಿವು.

ಸಾಲಿಡ್ ಟಾಪ್ ತಂದವರು ನಮ್ಮ ಹವೆಯನ್ನು ಮರೆಯುವಂತಿಲ್ಲ. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಬಿಟ್ಟು ಕುಗ್ಗುತ್ತದೆ. ಗಿಟಾರಿಗೆ ಹಿತವಾದ ಆರ್ದ್ರತೆ ಶೇಕಡಾ 45ರಿಂದ 55. ಭದ್ರಾ ನಾಲೆಯ ಗದ್ದೆಗಳ ನಡುವಿನ ದಾವಣಗೆರೆಯಲ್ಲಿಯೇ ಮಾರ್ಚ್ ಏಪ್ರಿಲ್ ಮಧ್ಯಾಹ್ನ ಗಾಳಿ ಒಣಗಿ ಹೋಗುತ್ತದೆ. ಚಿತ್ರದುರ್ಗ, ಚಳ್ಳಕೆರೆಯ ಕಡೆ ಕೇಳುವುದೇ ಬೇಡ. ಆಗ ಹಲಗೆ ಒಳಕ್ಕೆ ಕುಸಿದು ತಂತಿ ತಗ್ಗುತ್ತದೆ, ಫ್ರೆಟ್‌ಗಳ ತುದಿ ಕುತ್ತಿಗೆಯ ಅಂಚಿನಿಂದ ಹೊರಚಾಚಿ ಕೈಗೆ ತಾಗುತ್ತದೆ, ನಾದ ಸಣ್ಣದಾಗುತ್ತದೆ. ಜುಲೈನಲ್ಲಿ ಅದೇ ಹಲಗೆ ಉಬ್ಬಿ, ತಂತಿ ಮೇಲೆದ್ದು, ನಾದ ಮಂಕಾಗುತ್ತದೆ. ಬೇಸಿಗೆಯಲ್ಲಿ ಗಿಟಾರನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ರಂಧ್ರಗಳಿರುವ ಸಾಬೂನು ಡಬ್ಬಿಯೊಳಗೆ ಹಿಂಡಿದ ಒದ್ದೆ ಸ್ಪಂಜೊಂದನ್ನು ಜೊತೆಗಿಟ್ಟರೆ ಸಾಕು. ಕೆಲವು ನೂರು ರೂಪಾಯಿಯ ಆರ್ದ್ರತಾಮಾಪಕವೂ ಪೆಟ್ಟಿಗೆಯಲ್ಲಿದ್ದರೆ ಊಹೆಯ ಅಗತ್ಯ ಬೀಳುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಯಾವ ಗಿಟಾರನ್ನೂ ಬಿಡಬಾರದು, ಬ್ರಿಡ್ಜ್ ಅಂಟಿಸಿದ ಗೋಂದು ಆ ಶಾಖಕ್ಕೆ ಮೆತ್ತಗಾಗಿ ತಂತಿಯ ಎಳೆತಕ್ಕೆ ಸಿಕ್ಕಿ ಏಳತೊಡಗುತ್ತದೆ.

ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ವೇದಿಕೆ ಏರಬೇಕಾಗಿ ಬಂದಾಗ ಬೇರೊಂದು ತೊಡಕು ಎದುರಾಗುತ್ತದೆ. ಗಿಟಾರಿನೊಳಗೆ ಅಳವಡಿಸಿ ಬರುವ ಅಗ್ಗದ ಪಿಕಪ್ (ಕಂಪನವನ್ನು ವಿದ್ಯುತ್ತಾಗಿಸಿ ಸ್ಪೀಕರಿಗೆ ಕಳಿಸುವ ಸಾಧನ) ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲಿನ ಕೆಳಗಿನ ಒತ್ತಡವನ್ನು ಮಾತ್ರ ಹಿಡಿಯುತ್ತದೆ. ಹಲಗೆ ಮತ್ತು ಗಾಳಿ ಸೇರಿ ಕಟ್ಟಿದ ನಾದ ಅದಕ್ಕೆ ಸಿಗುವುದೇ ಇಲ್ಲ. ಪಿಕಪ್ ಇದೆಯೆಂಬ ಕಾರಣಕ್ಕೆ ಲ್ಯಾಮಿನೇಟ್ ಗಿಟಾರಿಗೆ ಹೆಚ್ಚು ಹಣ ಕೊಡುವ ಬದಲು ಸಾಲಿಡ್ ಟಾಪ್ ಕೊಂಡು, ಕುತ್ತಿಗೆ ಡಬ್ಬಿಯನ್ನು ಕೂಡುವ ಜಾಗಕ್ಕೆ ಎದುರಾಗಿ ಒಂದಡಿಗಿಂತ ಕಡಿಮೆ ದೂರದಲ್ಲಿ ಸಾಧಾರಣ ಮೈಕೊಂದನ್ನು ನಿಲ್ಲಿಸುವುದು ಉತ್ತಮ. ರಂಧ್ರಕ್ಕೆ ನೇರವಾಗಿ ಇಟ್ಟರೆ ಬರಿ ಗಾಳಿಯ ಗುಂಗು ಬರುತ್ತದೆ. ಸೌಂಡ್ ಸಿಸ್ಟಮ್‌ನವರು ಒಳ್ಳೆಯ ಮನಸ್ಸಿನಿಂದಲೇ ಬಾಸ್ ಏರಿಸುತ್ತಾರೆ. ಸ್ಪೀಕರಿನಿಂದ ಮರಳಿ ಬಂದ ಸದ್ದು ಡಬ್ಬಿಯ ಗಾಳಿಯನ್ನು ಅದರದೇ 100 ಹರ್ಟ್ಸ್‌ನಲ್ಲಿ ಅಲುಗಿಸಿದೊಡನೆ ಊಳಿಡುವ ಫೀಡ್‌ಬ್ಯಾಕ್ ಶುರುವಾಗುತ್ತದೆ. ಆ ಜಾಗವನ್ನು ಈಕ್ವಲೈಸರಿನಲ್ಲಿ ತಗ್ಗಿಸಲು ಹಾಡು ಶುರುವಾಗುವ ಮೊದಲೇ ಹೇಳಿಡಬೇಕು. ಪಿಕಪ್‌ನಲ್ಲಿಯೇ ನುಡಿಸಬೇಕಾಗಿ ಬಂದಾಗ ರಂಧ್ರವನ್ನು ಮುಚ್ಚುವ ರಬ್ಬರ್ ಬಿಲ್ಲೆಯೊಂದು ಅದೇ ಕೆಲಸವನ್ನು ಮಾಡುತ್ತದೆ, ಮಹಡಿಗೆ ಮರಳಿದ ಮೇಲೆ ಅದನ್ನು ತೆಗೆದಿಟ್ಟರಾಯಿತು.